ಬೇರೆ ರಾಜ್ಯಕ್ಕೆ ಹೊರಟ ನರ್ಸ್, ಡಾಕ್ಟರ್, ಫಾರ್ಮಸಿಸ್ಟರಿಗೆ: ರಿಜಿಸ್ಟ್ರೇಷನ್ ಜೊತೆಗೆ ಒಯ್ಯುವುದು ಹೇಗೆ

ಶಿವಮೊಗ್ಗದಲ್ಲಿ ಓದಿ, ಬೆಂಗಳೂರಿನ ಕೌನ್ಸಿಲ್‌ನಲ್ಲಿ (ವೃತ್ತಿಯವರ ಹೆಸರು ನೋಂದಾಯಿಸುವ ಸಂಸ್ಥೆ) ಹೆಸರು ಬರೆಸಿ, ಗೋವಾದಲ್ಲೋ ಪುಣೆಯಲ್ಲೋ ಕೆಲಸ ಸಿಕ್ಕಿದ ಮೇಲೆ ಎಷ್ಟೋ ಜನರಿಗೆ ಒಂದು ವಿಷಯ ಗೊತ್ತಾಗುತ್ತದೆ. ಡಿಗ್ರಿ ಇಡೀ ದೇಶದ್ದು, ರಿಜಿಸ್ಟ್ರೇಷನ್ ಮಾತ್ರ ರಾಜ್ಯದ್ದು. ನೀವು ಬಿ.ಎಸ್ಸಿ. ನರ್ಸಿಂಗ್ ಪಾಸಾದದ್ದಕ್ಕೆ ಅಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಕರ್ನಾಟಕದ ಆರ್‌ಎನ್ (ನೋಂದಾಯಿತ ನರ್ಸ್) ನಂಬರ್ ತೋರಿಸಿದರೆ "ಇದು ಇಲ್ಲಿಯದಲ್ಲ, ಇಲ್ಲಿಯದು ಮಾಡಿಸಿಕೊಂಡು ಬನ್ನಿ" ಅನ್ನುತ್ತಾರೆ. ಕೆಲಸಕ್ಕೆ ಸೇರಲು ಕೊಟ್ಟ ಟೈಮ್ ಎರಡು ವಾರ, ಕಾಗದ ಬರಲು ಬೇಕಾದದ್ದು ತಿಂಗಳುಗಳು. ಪಜೀತಿ ಶುರುವಾಗುವುದು ಇಲ್ಲೇ.

ಯಾಕೆ ಹೀಗೆ ಅಂತ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಗೆ ಸೇರಿವೆ. ವೈದ್ಯಕೀಯ ವೃತ್ತಿ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಯಾವ ಕೋರ್ಸ್ ನಡೆಯುತ್ತದೆ ಅನ್ನುವುದನ್ನು ದೆಹಲಿ ನೋಡಿಕೊಂಡಿತು, ಯಾರ ಹೆಸರು ಪುಸ್ತಕದಲ್ಲಿರಬೇಕು ಅನ್ನುವುದನ್ನು ರಾಜ್ಯ ಇಟ್ಟುಕೊಂಡಿತು. ನರ್ಸಿಂಗ್‌ಗೆ ಕೇಂದ್ರದ ಕಡೆಯಿಂದ 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಇದ್ದರೆ, ಕರ್ನಾಟಕದ್ದು 1961ರ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್‌ಗಳ ಕಾಯ್ದೆ. ಡಾಕ್ಟರುಗಳ ಕರ್ನಾಟಕ ಮೆಡಿಕಲ್ ರಿಜಿಸ್ಟ್ರೇಷನ್ ಕಾಯ್ದೆಯೂ 1961ರದ್ದೇ.

ಇನ್ನು ಕೆಲಸಕ್ಕೆ ಬರೋಣ. ಮೊದಲು ನರ್ಸುಗಳದ್ದೇ ಹೇಳುತ್ತೇನೆ. ಮಲೆನಾಡಿನಿಂದ ಹೊರಗೆ ಹೋಗುವವರಲ್ಲಿ ಅವರೇ ಜಾಸ್ತಿ, ಒದ್ದಾಡುವವರೂ ಅವರೇ.

ರಾಜೀನಾಮೆಗೂ ಮೊದಲು

ಆಫರ್ ಲೆಟರ್ ಕೈಗೆ ಬಂದ ದಿನ ಮಾಡಬೇಕಾದ ಕೆಲಸ ರಾಜೀನಾಮೆ ಬರೆಯುವುದಲ್ಲ. ನಿಮ್ಮ ಕರ್ನಾಟಕದ ರಿಜಿಸ್ಟ್ರೇಷನ್ ಜೀವಂತ ಇದೆಯಾ ನೋಡುವುದು. ಅಂದರೆ ನವೀಕರಣ ಆಗಿದೆಯಾ, ಅವಧಿ ಮುಗಿದಿದೆಯಾ, ಆನ್‌ಲೈನ್‌ನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆಯಾ. ಅವಧಿ ಮುಗಿದ ರಿಜಿಸ್ಟ್ರೇಷನ್ ಮೇಲೆ ಎನ್‌ಒಸಿ, ಅಂದರೆ ಬೇರೆ ರಾಜ್ಯಕ್ಕೆ ಹೋಗಲು ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ, ಕೊಡುವುದಿಲ್ಲ. ಮೊದಲು ದಂಡ ಕಟ್ಟಿ ನವೀಕರಿಸಬೇಕು, ಆಮೇಲೆ ಎನ್‌ಒಸಿ ಅರ್ಜಿ. ಕೆಲಸ ಮಾಡುತ್ತಿರುವವರಿಗೆ ಕಲಿಕಾ ತರಬೇತಿಯ ಗಂಟೆಗಳ ಸರ್ಟಿಫಿಕೇಟೂ ನವೀಕರಣಕ್ಕೆ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಆಗಾಗ ಟ್ರೈನಿಂಗ್ ಅಂತ ಕೂರಿಸುತ್ತಾರಲ್ಲ, ಅದರ ಕಾಗದ ಎಸೆಯಬೇಡಿ, ಒಂದು ಫೈಲಿಗೆ ಹಾಕುತ್ತಾ ಹೋಗಿ.

ಎರಡನೆಯದು ಹೊಸ ರಾಜ್ಯದ ಕೌನ್ಸಿಲ್ ಏನು ಕೇಳುತ್ತದೆ ಅಂತ ಅವರದೇ ವೆಬ್‌ಸೈಟಿನಲ್ಲಿ ಓದುವುದು. ಇದಕ್ಕೆ ಅಲ್ಲಿ ಇಟ್ಟ ಹೆಸರು ಸಾಮಾನ್ಯವಾಗಿ ರೆಸಿಪ್ರೋಕಲ್ ರಿಜಿಸ್ಟ್ರೇಷನ್, ಅಂದರೆ ಒಂದು ರಾಜ್ಯದ ನೋಂದಣಿ ನೋಡಿ ಇನ್ನೊಂದು ರಾಜ್ಯ ಹೆಸರು ಸೇರಿಸಿಕೊಳ್ಳುವುದು. ಗೋವಾ ನರ್ಸಿಂಗ್ ಕೌನ್ಸಿಲ್, ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್, ಕೇರಳದ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲ್, ತಮಿಳುನಾಡಿನದ್ದು, ಒಂದೊಂದರ ಫಾರಂ ಒಂದೊಂದು ಥರ. ಕೆಲವರು ಆ ರಾಜ್ಯದ ಆಸ್ಪತ್ರೆಯ ನೇಮಕಾತಿ ಪತ್ರ ಕೇಳುತ್ತಾರೆ, ಕೆಲವರು ಅಲ್ಲಿಯ ವಿಳಾಸದ ದಾಖಲೆ ಕೇಳುತ್ತಾರೆ. ಗೆಳತಿ ಹೋದ ವರ್ಷ ಮಾಡಿಸಿದ ಪಟ್ಟಿ ನಂಬಿ ಹೊರಡಬೇಡಿ. ಶುಲ್ಕ, ಫಾರಂ, ಅಫಿಡವಿಟ್ಟಿನ ಒಕ್ಕಣೆ ಎಲ್ಲ ಬದಲಾಗುತ್ತಿರುತ್ತದೆ.

ಈ ಎರಡೂ ನೋಡಿ, ಅರ್ಜಿ ಹಾಕಿದ ಮೇಲೆ ಹೊಸ ಆಸ್ಪತ್ರೆಗೆ ಒಂದು ಇಮೇಲ್ ಹಾಕಿ. "ರಿಜಿಸ್ಟ್ರೇಷನ್ ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ, ರಸೀದಿ ಲಗತ್ತಿಸಿದ್ದೇನೆ, ಸೇರುವ ದಿನಾಂಕ ಮುಂದೆ ಹಾಕಬಹುದೇ" ಅಂತ. ದೊಡ್ಡ ಆಸ್ಪತ್ರೆಗಳಲ್ಲಿ ಇದು ಮಾಮೂಲಿ ವಿಷಯ, ಕೇಳಿದರೆ ಏನೂ ಅಂದುಕೊಳ್ಳುವುದಿಲ್ಲ. ಕೆಲವರು "ಬಂದು ಸೇರಿಬಿಡಿ, ಆಮೇಲೆ ಮಾಡಿಸೋಣ" ಅನ್ನುತ್ತಾರೆ. ಅದು ಬೇಡ. ಅಲ್ಲಿಯ ನಂಬರ್ ಇಲ್ಲದೆ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಮ್ಮಿ ಆದರೆ ಆಸ್ಪತ್ರೆ ಕೈ ತೊಳೆದುಕೊಳ್ಳುತ್ತದೆ, ಸಿಕ್ಕಿಬೀಳುವುದು ನೀವು.

ಹೆಸರಿನ ರಗಳೆ

ಬಹಳಷ್ಟು ಅರ್ಜಿಗಳು ನಿಲ್ಲುವುದು ಓದಿನ ವಿಷಯಕ್ಕಲ್ಲ, ಹೆಸರಿನ ವಿಷಯಕ್ಕೆ. ನಮ್ಮ ಕಡೆ ಹೆಸರಿನ ಜೊತೆ ಊರು, ಅಪ್ಪನ ಹೆಸರು ಇನಿಶಿಯಲ್ ಆಗಿ ಬರುತ್ತದೆ, ಅಲ್ವಾ? ಕಾವ್ಯ ಎಚ್.ಕೆ. ಅಂತ ಒಬ್ಬಳು ಅಂದುಕೊಳ್ಳಿ. ಎಚ್ ಅಂದರೆ ಹೊಸನಗರ, ಕೆ ಅಂದರೆ ಅಪ್ಪ ಕೃಷ್ಣಮೂರ್ತಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಕಾವ್ಯ ಎಚ್.ಕೆ. ಆಧಾರ್‌ನಲ್ಲಿ ಬರೀ ಕಾವ್ಯ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆದು ಕಾವ್ಯ ಹೊಸನಗರ ಕೃಷ್ಣಮೂರ್ತಿ. ಮದುವೆಯಾದ ಮೇಲೆ ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿತು. ನಮ್ಮ ಕಣ್ಣಿಗೆ ನಾಲ್ಕೂ ಒಂದೇ ಕಾವ್ಯ. ಸರ್‌ನೇಮ್ ಇಲ್ಲದ ಮನುಷ್ಯರನ್ನೇ ಕಾಣದ ಊರಿನ ಕೌಂಟರಿನಲ್ಲಿ ಕೂತವರಿಗೆ ಅವರು ನಾಲ್ಕು ಹೆಂಗಸರು.

ಇದಕ್ಕೆ ಮದ್ದು ಒಂದೇ. ಎಸ್‌ಎಸ್‌ಎಲ್‌ಸಿಯಲ್ಲಿ ಹೇಗಿದೆಯೋ ಹಾಗೆಯೇ ಆಧಾರ್ ಸರಿಮಾಡಿಸಿ. ಉಲ್ಟಾ ಮಾಡಲು ಹೋಗಬೇಡಿ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಎಷ್ಟೋ ಸುಲಭ, ಮೇಲಾಗಿ ಯೂನಿವರ್ಸಿಟಿ ಮತ್ತು ಕೌನ್ಸಿಲ್ ಎರಡರಲ್ಲೂ ಹೆಸರು ಹೋಗಿರುವುದು ಎಸ್‌ಎಸ್‌ಎಲ್‌ಸಿ ನೋಡಿಕೊಂಡೇ. ಉಳಿದ ವ್ಯತ್ಯಾಸಕ್ಕೆ ಕೋರ್ಟ್ ಹತ್ತಿರ ಇ-ಸ್ಟ್ಯಾಂಪ್ ಕಾಗದದ ಮೇಲೆ "ಈ ಎರಡೂ ಹೆಸರು ಒಬ್ಬರದ್ದೇ" ಅನ್ನುವ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ. ಇಂಗ್ಲಿಷಿನಲ್ಲೇ ಮಾಡಿಸಿ. ಟೈಪ್ ಮಾಡುವವರು ಅಭ್ಯಾಸಬಲದಿಂದ ಕನ್ನಡದಲ್ಲಿ ಹೊಡೆದುಬಿಡುತ್ತಾರೆ, ಪಣಜಿಯಲ್ಲಿ ಅದನ್ನು ಓದುವವರು ಯಾರು?

ಇದೇ ತೊಂದರೆ ಅನುಭವ ಪತ್ರದಲ್ಲೂ ಇದೆ. ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಸೇವಾ ಪ್ರಮಾಣಪತ್ರ ಕನ್ನಡದಲ್ಲಿ ಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಕೊಡುವುದು ಸರಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ನೀವು ಬಿಡುಗಡೆ ಪತ್ರ ತೆಗೆದುಕೊಳ್ಳುವ ದಿನವೇ ಅದೇ ಸೀಲು ಸಹಿಯೊಂದಿಗೆ ಇಂಗ್ಲಿಷ್ ಪ್ರತಿ ಕೇಳಿ ಪಡೆಯಿರಿ. ಆಗ ಎದುರಿಗೇ ಇರುತ್ತೀರಿ, ಅರ್ಧ ಗಂಟೆ ಕೆಲಸ. ಆರು ತಿಂಗಳು ಬಿಟ್ಟು ಫೋನ್ ಮಾಡಿದರೆ ಸಹಿ ಹಾಕಿದ ವೈದ್ಯಾಧಿಕಾರಿಗೆ ವರ್ಗ ಆಗಿರುತ್ತದೆ, ಹೊಸಬರು "ನನಗೆ ಗೊತ್ತಿಲ್ಲ" ಅನ್ನುತ್ತಾರೆ, ಕೊನೆಗೆ ಅನುವಾದ ಮಾಡಿಸಿ ನೋಟರಿ ಹಿಡಿದು ಓಡಾಡಬೇಕು.

ಕಾಗದ, ಮಳೆ, ಒಟಿಪಿ

ಮಲೆನಾಡಿನವರಿಗೆ ಅಂತಲೇ ಎರಡು ಮಾತು. ಸರ್ಟಿಫಿಕೇಟುಗಳನ್ನು ಟ್ರಂಕಿನಲ್ಲಿಟ್ಟರೆ ಆಷಾಢ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ತೀರ್ಥಹಳ್ಳಿ ಆಗುಂಬೆ ಕಡೆಯ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟ ಫೈಲಿನ ಅಂಚು ಕಂದು ಬಣ್ಣಕ್ಕೆ ತಿರುಗಿ, ಸೀಲಿನ ಶಾಯಿ ಹಬ್ಬಿ, ರಿಜಿಸ್ಟ್ರಾರ್ ಸಹಿ ಹಿಂದಿನ ಹಾಳೆಗೆ ಅಂಟಿಕೊಂಡಿರುವುದನ್ನು ನೋಡಿದ್ದೇನೆ. ಹಾಗಂತ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ದೃಢೀಕರಣದ ಸೀಲು ಹಿಂಬದಿಗೆ ಹೊಡೆಯಬೇಕಾದಾಗ ಲ್ಯಾಮಿನೇಷನ್ ಆದ ಮೂಲಪ್ರತಿಯನ್ನು ವಾಪಸ್ ಕಳಿಸುತ್ತಾರೆ, ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಒಂದೊಂದು ಹಾಳೆಗೆ ಒಂದೊಂದು ಪ್ಲಾಸ್ಟಿಕ್ ಕವರ್, ಎಲ್ಲ ಸೇರಿಸಿ ಗಾಳಿಯಾಡದ ಡಬ್ಬಿ, ಅದನ್ನು ಅಟ್ಟದ ಮೇಲಲ್ಲ, ಅಡುಗೆಮನೆಯ ಬೆಚ್ಚಗಿನ ಮಗ್ಗುಲ ಕೋಣೆಯಲ್ಲಿ. ಬಣ್ಣದ ಸ್ಕ್ಯಾನ್ ಒಂದು ಸೆಟ್ ಇಮೇಲ್‌ನಲ್ಲಿ ಇರಲಿ.

ಇನ್ನೊಂದು ಒಟಿಪಿ. ಎಲ್ಲ ಅರ್ಜಿಗೂ ಈಗ ಆಧಾರ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ ಆಧಾರ್ ಆದರೆ ಅದಕ್ಕೆ ಜೋಡಿಸಿದ್ದು ಅಪ್ಪನ ನಂಬರ್. ನೀವು ಶಿವಮೊಗ್ಗದ ಸೈಬರ್ ಸೆಂಟರಿನಲ್ಲಿ ಕೂತಿರುತ್ತೀರಿ, ಅಪ್ಪ ತೋಟದಲ್ಲಿ ಅಡಿಕೆ ಕೊನೆ ತೆಗೆಸುತ್ತಿರುತ್ತಾರೆ, ಅಲ್ಲಿ ಸಿಗ್ನಲ್ ಇಲ್ಲ. ಅವರು ಗುಡ್ಡದ ಮೇಲೆ ಬಂದು ನಂಬರ್ ಓದಿ ಹೇಳುವಷ್ಟರಲ್ಲಿ ಒಟಿಪಿಯ ಹತ್ತು ನಿಮಿಷ ಮುಗಿದಿರುತ್ತದೆ. ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಸ್ವಂತ ನಂಬರ್ ಸೇರಿಸಿ. ಹೊಸ ಊರಿಗೆ ಹೋದ ಮೇಲೆ ಆ ಸಿಮ್ ಬದಲಿಸಬೇಡಿ.

ಎನ್‌ಒಸಿ ಮತ್ತು ಪರಿಶೀಲನೆ, ನಿಜವಾದ ಕೆಲಸ ಇಲ್ಲಿದೆ

ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ಗೆ ಅರ್ಜಿ ಹಾಕುವಾಗ ಯಾವ ರಾಜ್ಯದ ಕೌನ್ಸಿಲ್‌ಗೆ ಹೋಗುತ್ತಿದ್ದೀರಿ ಅಂತ ಸ್ಪಷ್ಟವಾಗಿ ಬರೆಯಬೇಕು. ಎನ್‌ಒಸಿ ಆ ಒಂದು ರಾಜ್ಯಕ್ಕೆ ಮಾತ್ರ. ಗೋವಾ ಅಂತ ತೆಗೆದುಕೊಂಡು ಮನಸ್ಸು ಬದಲಿಸಿ ಮುಂಬೈಗೆ ಹೋದರೆ ಹೊಸದಾಗಿ ತೆಗೆಯಬೇಕು. ಆರ್‌ಎನ್, ಆರ್‌ಎಂ (ನೋಂದಾಯಿತ ಮಿಡ್‌ವೈಫ್) ಸರ್ಟಿಫಿಕೇಟು, ಡಿಗ್ರಿ ಅಥವಾ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ, ಎಲ್ಲ ವರ್ಷದ ಮಾರ್ಕ್ಸ್ ಕಾರ್ಡ್, ಆಧಾರ್, ಫೋಟೊ, ಶುಲ್ಕದ ರಸೀದಿ, ಸಾಮಾನ್ಯವಾಗಿ ಇಷ್ಟು. ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ವಿವರ ಪತ್ರ) ಬೇಕಾದರೆ ಅದಕ್ಕೆ ಮೊದಲೇ ಹೇಳಿಡಿ. ಪರೀಕ್ಷೆಯ ತಿಂಗಳಲ್ಲಿ ಕಾಲೇಜಿನ ಆಫೀಸಿಗೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಎನ್‌ಒಸಿ ಬಂದಾಕ್ಷಣ ಮುಗಿಯಿತು ಅಂತ ಬಹಳ ಜನ ತಿಳಿಯುತ್ತಾರೆ. ಇಲ್ಲ. ಹೊಸ ರಾಜ್ಯದ ಕೌನ್ಸಿಲ್ ಅದನ್ನು ನೋಡಿ ವಾಪಸ್ ಬೆಂಗಳೂರಿಗೆ ಒಂದು ಪತ್ರ ಬರೆಯುತ್ತದೆ: ಇಂಥವರು ನಿಮ್ಮಲ್ಲಿ ನಿಜವಾಗಿಯೂ ಇದ್ದಾರಾ, ಅವರ ಮೇಲೆ ಯಾವುದಾದರೂ ದೂರು ಇದೆಯಾ? ಬೆಂಗಳೂರು ಉತ್ತರ ಕೊಡಬೇಕು. ನಕಲಿ ಸರ್ಟಿಫಿಕೇಟಿನ ಕಾಟ ಇರುವುದರಿಂದ ಇದು ಬೇಕಾದ ಕೆಲಸವೇ. ಆದರೆ ತಿಂಗಳುಗಳು ಹೋಗುವುದೂ ಇದರಲ್ಲೇ. ಪತ್ರ ಅಲ್ಲಿಂದ ಹೊರಟಿರುತ್ತದೆ, ಇಲ್ಲಿ ಬಂದಿಲ್ಲ ಅನ್ನುತ್ತಾರೆ. ಇಲ್ಲಿ ಬಂದಿರುತ್ತದೆ, ಟೇಬಲ್ ಮೇಲಿನಿಂದ ಮೇಲಕ್ಕೆ ಹೋಗಿರುವುದಿಲ್ಲ.

ಹಾಗಾಗಿ ನೀವು ಕೇಳಬೇಕಾದ್ದು "ನನ್ನ ಕೆಲಸ ಆಯ್ತಾ" ಅಂತ ಅಲ್ಲ. ಹಾಗೆ ಕೇಳಿದರೆ "ಪ್ರೊಸೆಸ್‌ನಲ್ಲಿದೆ" ಅಂತ ಉತ್ತರ ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಹೊಸ ರಾಜ್ಯದವರಿಂದ ಡಿಸ್ಪ್ಯಾಚ್ ನಂಬರ್ ಮತ್ತು ದಿನಾಂಕ ಕೇಳಿ. ಸ್ಪೀಡ್ ಪೋಸ್ಟ್ ಆದರೆ ಟ್ರ್ಯಾಕಿಂಗ್ ನಂಬರ್ ಕೇಳಿ. ಇಮೇಲ್ ಆದರೆ ಯಾವ ವಿಳಾಸಕ್ಕೆ ಹೋಯಿತು ಕೇಳಿ. ಅದನ್ನು ಹಿಡಿದು ಬೆಂಗಳೂರಿನಲ್ಲಿ ಇನ್‌ವರ್ಡ್ ನಂಬರ್ (ಬಂದ ಪತ್ರಕ್ಕೆ ಆಫೀಸು ಹಾಕುವ ನಂಬರ್) ಕೇಳಿ. ನಂಬರ್ ಹೇಳಿ ಕೇಳಿದವರ ಫೈಲ್ ಹುಡುಕುತ್ತಾರೆ, ಹೆಸರು ಹೇಳಿ ಕೇಳಿದವರನ್ನು ನಾಳೆ ಬನ್ನಿ ಅನ್ನುತ್ತಾರೆ. ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ ಬರುವ ಒಂದು ದಿನ ಇದಕ್ಕೆ ಅಂತ ಇಟ್ಟುಕೊಂಡರೆ ಒಳ್ಳೆಯದು. ಆದರೆ ನಂಬರ್ ಇಲ್ಲದೆ ಸುಮ್ನೆ ಹೋಗಬೇಡಿ.

ಎಷ್ಟು ಕೇಳಿದರೂ ಉತ್ತರ ಇಲ್ಲ ಅಂದರೆ ಮಾಹಿತಿ ಹಕ್ಕು ಇದೆ. ಕೌನ್ಸಿಲ್‌ಗಳು ಕಾನೂನಿನಿಂದ ಹುಟ್ಟಿದ ಸಂಸ್ಥೆಗಳು, 2005ರ ಮಾಹಿತಿ ಹಕ್ಕು ಕಾಯ್ದೆ ಅವಕ್ಕೂ ಅನ್ವಯ. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಬೈಯಬೇಡಿ, ಭಾಷಣ ಬರೆಯಬೇಡಿ. "ಇಂಥ ದಿನಾಂಕದ ಇಂಥ ನಂಬರಿನ ಪತ್ರದ ಮೇಲೆ ಏನು ಕ್ರಮ ಆಗಿದೆ, ಕಡತ ಈಗ ಯಾರ ಬಳಿ ಇದೆ" ಇಷ್ಟೇ ಕೇಳಿ. ಹಲವು ಸಲ ಮಾಹಿತಿ ಬರುವ ಮೊದಲು ಕೆಲಸವೇ ಆಗಿಬಿಡುತ್ತದೆ.

ಕೌನ್ಸಿಲ್ ಆಫೀಸಿನ ಸುತ್ತ "ನಾವು ಮಾಡಿಸಿಕೊಡುತ್ತೇವೆ" ಅನ್ನುವವರು ಸಿಗುತ್ತಾರೆ. ದುಡ್ಡು ಹೋದರೆ ಹೋಯಿತು ಅನ್ನಬಹುದು, ಮೂಲ ಸರ್ಟಿಫಿಕೇಟು ಅವರ ಕೈಗೆ ಹೋದರೆ ವಾಪಸ್ ತರಿಸುವುದು ದೊಡ್ಡ ತಲೆನೋವು. ಮೂಲಪ್ರತಿ ತೋರಿಸಲು ಮಾತ್ರ, ಕೊಡಲು ಅಲ್ಲ.

ಕರ್ನಾಟಕದಲ್ಲಿ ಓದಿದವರಿಗೆ ಒಂದು ಹಳೆಯ ಗಂಟು

2017ರ ಸುಮಾರಿಗೆ ನರ್ಸಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಯಾರದ್ದು ಅಂತ ಕರ್ನಾಟಕಕ್ಕೂ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ಗೂ ಜಟಾಪಟಿ ನಡೆದು ವಿಷಯ ಹೈಕೋರ್ಟ್ ತನಕ ಹೋಯಿತು. ಇಲ್ಲಿಯ ಕಾಲೇಜುಗಳ ಹೆಸರು ದೆಹಲಿಯ ಪಟ್ಟಿಯಲ್ಲಿ ಕಾಣದೆ, ಕೇರಳದಿಂದ ಓದಲು ಬರುತ್ತಿದ್ದ ಹುಡುಗಿಯರೂ ಅವರ ಮನೆಯವರೂ ಗಾಬರಿಯಾದರು. ರಾಜಕೀಯ ಏನೇ ಇರಲಿ, ನಿಮಗೆ ಬೇಕಾದ್ದು ಇಷ್ಟು: ನೀವು ಕೋರ್ಸಿಗೆ ಸೇರಿದ ವರ್ಷ ನಿಮ್ಮ ಕಾಲೇಜಿಗೆ ದೆಹಲಿಯ ಕೌನ್ಸಿಲ್ ಮಾನ್ಯತೆ ಇತ್ತಾ? ಹೊರ ರಾಜ್ಯದವರು ಕೇಳುವ ಮೊದಲ ಪ್ರಶ್ನೆ ಅದು. ಪಾಸಾದ ವರ್ಷ ಅಲ್ಲ, ಸೇರಿದ ವರ್ಷ. ಕಾಲೇಜಿನ ಪ್ರಿನ್ಸಿಪಾಲರಿಂದ ಆ ವರ್ಷದ ಮಾನ್ಯತಾ ಪತ್ರದ ಪ್ರತಿ ಪಡೆದು ಫೈಲಿನಲ್ಲಿ ಮೇಲೆಯೇ ಇಡಿ. ಈಗ ಓದುತ್ತಿರುವ ತಂಗಿ ತಮ್ಮಂದಿರು ಇದನ್ನು ಅಡ್ಮಿಷನ್‌ಗೆ ಮೊದಲೇ ಕೇಳಬೇಕು. ಕಾಲೇಜಿನ ಗೋಡೆ ಮೇಲೆ ಬರೆದದ್ದು ನೋಡಿ ನಂಬುವುದಲ್ಲ, ಕಾಗದ ನೋಡಿ ನಂಬುವುದು.

ರಾಷ್ಟ್ರೀಯ ಮಟ್ಟದಲ್ಲಿ ಒಂದೇ ನಂಬರ್ ಬರುತ್ತದೆ ಅನ್ನುವ ಮಾತೂ ಇದೆ. ಎನ್‌ಆರ್‌ಟಿಎಸ್ ಅನ್ನುವ ನರ್ಸುಗಳ ಪಟ್ಟಿ ಆಧಾರ್ ಜೋಡಿಸಿ ಎನ್‌ಯುಐಡಿ ನಂಬರ್ ಕೊಡುತ್ತದೆ. ಇದನ್ನು ಮಾಡಿಸಿಕೊಂಡಿದ್ದರೆ ಪರಿಶೀಲನೆ ಸಲೀಸು, ಕೆಲವು ಕಡೆ ಕೇಳಿಯೇ ಕೇಳುತ್ತಾರೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಪಾಸು ಮಾಡಿತು, ಅದರಲ್ಲಿ ರಾಷ್ಟ್ರೀಯ ರಿಜಿಸ್ಟರ್ ಇದೆ. ಕಾಯ್ದೆ ಬಂತು ಅಂತ ಕೌಂಟರಿನಲ್ಲಿ ವಾದ ಮಾಡಲು ಹೋಗಬೇಡಿ. ಅಲ್ಲಿ ಇವತ್ತು ಕೇಳುವ ಕಾಗದ ಕೊಡುವುದೇ ದಾರಿ.

ಒಂದು ಸಮಾಧಾನದ ವಿಷಯ. ಏಮ್ಸ್‌ನಂಥ ಕೇಂದ್ರ ಸರ್ಕಾರದ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ಅರ್ಜಿ ಹಾಕಲು ಯಾವ ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರಿದ್ದರೂ ನಡೆಯುತ್ತದೆ. ಎಲ್ಲಿ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ವರ್ಗಾವಣೆಯ ಮಾತು. ಪರೀಕ್ಷೆಗೆ ಮೊದಲೇ ಗಾಬರಿಯಾಗಿ ಎನ್‌ಒಸಿ ತೆಗೆಸಬೇಡಿ.

ಡಾಕ್ಟರುಗಳಿಗೆ

ಇವರ ದಾರಿ ಸ್ವಲ್ಪ ಅಗಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಪ್ರಕಾರ ರಾಜ್ಯ ರಿಜಿಸ್ಟರ್ ಅಥವಾ ರಾಷ್ಟ್ರೀಯ ರಿಜಿಸ್ಟರ್‌ನಲ್ಲಿ ಹೆಸರಿಲ್ಲದವರು ಪ್ರಾಕ್ಟೀಸ್ ಮಾಡಿದರೆ ಒಂದು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. 2023ರ ಮೇ ತಿಂಗಳಲ್ಲಿ ಬಂದ ನಿಯಮಾವಳಿ ದೇಶಕ್ಕೆಲ್ಲ ಒಂದೇ ಐಡಿ, ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಣ, ಒಂದಕ್ಕಿಂತ ಜಾಸ್ತಿ ರಾಜ್ಯದಲ್ಲಿ ಪರವಾನಗಿ ಕೇಳುವ ದಾರಿ ಎಲ್ಲವನ್ನೂ ತಂದಿತು. ರಾಷ್ಟ್ರೀಯ ರಿಜಿಸ್ಟರ್‌ನ ಪೋರ್ಟಲ್ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಆಧಾರ್, ಎಂಬಿಬಿಎಸ್ ಡಿಗ್ರಿ ಮತ್ತು ರಾಜ್ಯ ಕೌನ್ಸಿಲ್‌ನ ಸರ್ಟಿಫಿಕೇಟಿನ ಪ್ರತಿ ಇದ್ದರೆ ಅರ್ಜಿ ಹಾಕಬಹುದು. ಈಗಲೇ ಹಾಕಿಡಿ. ಆದರೆ ಹೊಸ ರಾಜ್ಯದ ಮೆಡಿಕಲ್ ಕೌನ್ಸಿಲ್‌ನ ಬಾಗಿಲನ್ನೂ ತಟ್ಟಬೇಕು. ಅದಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಎನ್‌ಒಸಿ ಮತ್ತು ನಿಮ್ಮ ಮೇಲೆ ಶಿಸ್ತುಕ್ರಮ ಇಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪತ್ರ ಎರಡನ್ನೂ ಕೇಳಿ. ಎಂಡಿ, ಎಂಎಸ್ ಆಗಿದ್ದರೆ ಆ ಹೆಚ್ಚಿನ ಪದವಿ ಇಲ್ಲಿಯ ಕೌನ್ಸಿಲ್‌ನಲ್ಲಿ ದಾಖಲಾಗಿದೆಯಾ ನೋಡಿ. ಇಲ್ಲಿ ಸೇರದಿದ್ದರೆ ಅಲ್ಲಿ ನೀವು ಬರೀ ಎಂಬಿಬಿಎಸ್.

ಶಿವಮೊಗ್ಗದ ಸಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಓದಿದವರು, ಓದು ಮುಗಿದ ಮೇಲೆ ಸರ್ಕಾರಿ ಸೇವೆ ಮಾಡಬೇಕು ಅನ್ನುವ 2012ರ ಕಡ್ಡಾಯ ಸೇವಾ ಕಾಯ್ದೆಯ ಲೆಕ್ಕ ಮೊದಲು ಚುಕ್ತಾ ಮಾಡಿಕೊಳ್ಳಬೇಕು. ಸೇವೆ ಮುಗಿದದ್ದೋ, ವಿನಾಯಿತಿ ಸಿಕ್ಕಿದ್ದೋ, ಏನೇ ಆದರೂ ಅದರ ಪತ್ರ ಕೈಯಲ್ಲಿರಬೇಕು. ಅದಿಲ್ಲದೆ ಮುಂದಿನ ಯಾವ ಕಾಗದವೂ ಸಲೀಸಾಗಿ ಹೊರಡುವುದಿಲ್ಲ.

ಊರು ಬಿಡದೆ ಬೇರೆ ರಾಜ್ಯದ ರೋಗಿ ನೋಡುವುದಾದರೆ? 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗೂ ಫೋನ್, ವಿಡಿಯೊ ಮೂಲಕ ಸಲಹೆ ಕೊಡಬಹುದು ಅನ್ನುತ್ತದೆ. ಸಾಗರದಲ್ಲಿ ಕೂತ ಚರ್ಮರೋಗ ತಜ್ಞರು ಕಾಸರಗೋಡಿನ ರೋಗಿಗೆ ಸಲಹೆ ಕೊಡಲು ಕೇರಳದ ನಂಬರ್ ಬೇಡ. ಪ್ರಿಸ್ಕ್ರಿಪ್ಷನ್ ಮೇಲೆ ನಿಮ್ಮ ರಿಜಿಸ್ಟ್ರೇಷನ್ ನಂಬರ್ ಇರಬೇಕು, ಯಾವ ಔಷಧಿಯನ್ನು ಈ ರೀತಿ ಬರೆಯಬಾರದು ಅನ್ನುವ ಪಟ್ಟಿಯೂ ಅದರಲ್ಲಿದೆ, ಓದಿಕೊಳ್ಳಿ. ರಾಜ್ಯದ ಗಡಿ ಇಷ್ಟು ಸುಲಭವಾಗಿ ದಾಟುವ ದಾರಿ ಡಾಕ್ಟರುಗಳಿಗೆ ಸದ್ಯಕ್ಕೆ ಬೇರೆ ಕಾಣುವುದಿಲ್ಲ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ ಎಚ್‌ಪಿಆರ್ (ಆರೋಗ್ಯ ವೃತ್ತಿಯವರ ಪಟ್ಟಿ) ಐಡಿಯನ್ನು ಲೈಸೆನ್ಸ್ ಅಂದುಕೊಂಡವರಿದ್ದಾರೆ. ಅಲ್ಲ. ಅದು ಗುರುತಿನ ಚೀಟಿ ಅಷ್ಟೇ.

ದಂತ ವೈದ್ಯರು, ಫಾರ್ಮಸಿಸ್ಟರು, ಉಳಿದವರು

ದಂತ ವೈದ್ಯರ ಹಳೆಯ ಕಾಯ್ದೆ, 1948ರದ್ದು, ಈ ವಿಷಯದಲ್ಲಿ ಎಲ್ಲರಿಗಿಂತ ಜಾಣ. ಒಂದು ರಾಜ್ಯದ ರಿಜಿಸ್ಟರ್‌ನಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸಲು ಅದರಲ್ಲೇ ಕಲಂ ಇದೆ, ಅರ್ಜಿ ದೆಹಲಿಯ ಡೆಂಟಲ್ ಕೌನ್ಸಿಲ್‌ಗೆ, ಶುಲ್ಕ ಹೊಸ ರಾಜ್ಯದ ನವೀಕರಣ ಶುಲ್ಕಕ್ಕಿಂತ ಜಾಸ್ತಿ ಇರಬಾರದು ಅಂತಲೂ ಬರೆದಿದ್ದಾರೆ. ಆದರೆ ಇಲ್ಲಿ ಹೆಸರು ಹೊಡೆದು ಅಲ್ಲಿ ಬರೆಯುತ್ತಾರೆ. ಮದುವೆಯಾದ ಹುಡುಗಿಯ ಹೆಸರನ್ನು ತವರಿನ ರೇಷನ್ ಕಾರ್ಡಿನಿಂದ ತೆಗೆಸಿ ಗಂಡನ ಮನೆಯದಕ್ಕೆ ಸೇರಿಸಿದ ಹಾಗೆ. ವಾರಕ್ಕೆ ಎರಡು ದಿನ ಊರಿಗೆ ಬಂದು ಕ್ಲಿನಿಕ್ ನಡೆಸುವ ಯೋಚನೆ ಇದ್ದರೆ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಪಾಸಾಗಿದೆ, ಅರ್ಜಿ ಹಾಕುವ ದಿನ ಯಾವುದು ನಡೆಯುತ್ತಿದೆ ಅಂತ ಕೌನ್ಸಿಲ್‌ನಲ್ಲೇ ಕೇಳಿ.

ಫಾರ್ಮಸಿಸ್ಟರದ್ದು 1948ರ ಫಾರ್ಮಸಿ ಕಾಯ್ದೆ. ಬೇರೆ ರಾಜ್ಯದಲ್ಲಿ ನೋಂದಾಯಿತ ಅನ್ನುವುದೇ ಹೊಸ ರಾಜ್ಯದಲ್ಲಿ ಸೇರಲು ಒಂದು ಅರ್ಹತೆ. ಆದರೆ ನೀವು ಆ ರಾಜ್ಯದಲ್ಲಿ ವಾಸ ಇರಬೇಕು ಇಲ್ಲವೇ ಅಲ್ಲಿ ಕೆಲಸ ಮಾಡುತ್ತಿರಬೇಕು. ಅದಕ್ಕೇ ಬಾಡಿಗೆ ಕರಾರು ಪತ್ರ ಮಾಡಿಸುವಾಗ ಮನೆಯ ಓನರ್ ಹತ್ತಿರ ನೋಂದಾಯಿತ ಕರಾರೇ ಕೇಳಿ. ಮೆಡಿಕಲ್ ಶಾಪಿಗೆ ನಿಮ್ಮ ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟು ನೀವು ಇನ್ನೊಂದು ರಾಜ್ಯದಲ್ಲಿ ಕೆಲಸ ಮಾಡುವ ಐಡಿಯಾ ಯಾರಾದರೂ ಹೇಳಿದರೆ ಕೈ ಮುಗಿದು ಎದ್ದು ಬನ್ನಿ.

ಫಿಸಿಯೋಥೆರಪಿ, ಲ್ಯಾಬ್, ಎಕ್ಸ್-ರೇ ಕಡೆಯವರಿಗೆ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂದಿದೆ, ರಾಜ್ಯ ಕೌನ್ಸಿಲ್‌ಗಳು ಅದರ ಕೆಳಗೆ. ಮಾತು ಮತ್ತು ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು ಮಾತ್ರ ಅದೃಷ್ಟವಂತರು. ಅವರದ್ದು 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆ, ಮೊದಲಿನಿಂದಲೂ ಕೇಂದ್ರದ ಒಂದೇ ರಿಜಿಸ್ಟರ್. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿ ಶಿವಮೊಗ್ಗದಲ್ಲಿ ಎರಡು ವರ್ಷ ಇದ್ದು ಭೋಪಾಲಿಗೆ ಹೋದರೂ ಅದೇ ನಂಬರ್. ಇದು ಇವರಿಗೆ ಸಾಧ್ಯ ಆದ ಮೇಲೆ ನರ್ಸುಗಳಿಗೆ ಯಾಕೆ ಆಗಬಾರದು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಮೆರಿಕಕ್ಕೆ ಹೊರಟವರು ಕೇಳುವ ಪ್ರಶ್ನೆ

ಅಲ್ಲಿಯೂ ಲೈಸೆನ್ಸ್ ರಾಜ್ಯದ್ದೇ. ಆದರೆ 2000ರಿಂದ ನರ್ಸುಗಳಿಗೆ ರಾಜ್ಯಗಳ ನಡುವೆ ಒಂದು ಒಪ್ಪಂದ ಇದೆ, 2018ರಲ್ಲಿ ಹೊಸ ರೂಪದಲ್ಲಿ ಜಾರಿಯಾಯಿತು, ಈಗ 40ಕ್ಕೂ ಹೆಚ್ಚು ರಾಜ್ಯಗಳು ಅದರಲ್ಲಿವೆ. ಒಂದು ರಾಜ್ಯದ ಬಹುರಾಜ್ಯ ಲೈಸೆನ್ಸ್ ಇದ್ದರೆ ಉಳಿದ ಸದಸ್ಯ ರಾಜ್ಯಗಳಲ್ಲಿ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾ ಸೇರಿಲ್ಲ. ಬಹುರಾಜ್ಯ ಲೈಸೆನ್ಸ್‌ಗೆ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕಾಗುವುದರಿಂದ, ಇಲ್ಲಿಂದ ಎನ್‌ಕ್ಲೆಕ್ಸ್ (ಅಲ್ಲಿಯ ನರ್ಸ್ ಲೈಸೆನ್ಸ್ ಪರೀಕ್ಷೆ) ಬರೆದು ಹೋಗುವವರು ಸಾಮಾನ್ಯವಾಗಿ ಒಂದೇ ರಾಜ್ಯದ ಲೈಸೆನ್ಸ್‌ನಿಂದ ಶುರು ಮಾಡುತ್ತಾರೆ. ಒಪ್ಪಂದದೊಳಗಿನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದರೆ 60 ದಿನದೊಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು. ಡಾಕ್ಟರುಗಳಿಗೆ 2017ರಿಂದ ಬೇರೆ ಒಪ್ಪಂದ ಇದೆ, ಅದರಲ್ಲಿ ಒಂದೇ ಲೈಸೆನ್ಸ್ ಅಲ್ಲ, ಬೇಗ ಬೇಗ ಬೇರೆ ಬೇರೆ ಲೈಸೆನ್ಸ್ ಸಿಗುವ ವ್ಯವಸ್ಥೆ. ಅಲ್ಲಿಗೆ ಹೋಗುವವರಿಗೂ ಬೆಂಗಳೂರಿನಿಂದ ಪರಿಶೀಲನಾ ಪತ್ರ ಹೋಗಲೇಬೇಕು, ಮೇಲೆ ಹೇಳಿದ ಇನ್‌ವರ್ಡ್ ನಂಬರ್ ಕಥೆ ಅದಕ್ಕೂ ಅಷ್ಟೇ.

ವಾಪಸ್ ಬರುವ ಯೋಚನೆ ಇದ್ದರೆ

ಎನ್‌ಒಸಿ ಕೊಟ್ಟ ಮೇಲೆ ಇಲ್ಲಿಯ ಹೆಸರು ಉಳಿಯುತ್ತದೆಯಾ, ಹೋಗುತ್ತದೆಯಾ ಅಂತ ಅರ್ಜಿ ಹಾಕುವಾಗಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಉಳಿಯುತ್ತದೆ ಅಂದರೆ ದೂರದಲ್ಲಿದ್ದರೂ ಇಲ್ಲಿಯ ನವೀಕರಣ ಬಿಡಬೇಡಿ. ತೋಟ, ಅಪ್ಪ ಅಮ್ಮ ಅಂತ ವಾಪಸ್ ಬರುವವರು ನಮ್ಮ ಕಡೆ ಕಮ್ಮಿಯೇನಿಲ್ಲ. ಬಂದು ಸ್ವಂತ ಕ್ಲಿನಿಕ್ಕೋ ಲ್ಯಾಬೋ ಹಾಕುವುದಾದರೆ ನಿಮ್ಮ ಹೆಸರಿನ ರಿಜಿಸ್ಟ್ರೇಷನ್ ಒಂದೇ ಸಾಲದು. 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಾಗಕ್ಕೂ ನೋಂದಣಿ ಬೇಕು, ಅದು ಜಿಲ್ಲಾ ಮಟ್ಟದಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ. ಆ ಅರ್ಜಿಯಲ್ಲಿ ಕರ್ನಾಟಕದ ಕೌನ್ಸಿಲ್ ನಂಬರ್ ಕೇಳುತ್ತಾರೆ, ಹಾಗಾಗಿ ಕಟ್ಟಡದ ಅಡ್ವಾನ್ಸ್ ಕೊಡುವ ಮೊದಲು ಅದು ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.